ಎರಡನೇ ಭಾನುವಾರದ ಉಪನ್ಯಾಸ

ನಮ್ಮ ಮಗಳು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಗುಂಡ್ಲುಪೇಟೆಯಲ್ಲಿ ನಮ್ಮ ಯಜಮಾನರದು ಬೀಜ, ಗೊಬ್ಬರದ ಅಂಗಡಿ. ನಾನು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದು ಸಂಜೆ ಅಂಗಡಿ ಮುಚ್ಚಿ ಬಂದವರು ಅಂಗಿ ಜೇಬಿನಿಂದ ಮಡಿಚಿದ ಹಳದಿ ಕಾಗದವೊಂದನ್ನು ತೆಗೆದು ನನ್ನ ಮುಂದೆ ಇಟ್ಟರು. ಯಾರೋ ಅಂಗಡಿಯಲ್ಲಿ ಹಂಚಿ ಹೋಗಿದ್ದ ಕರಪತ್ರ. ‘ಮನುಷ್ಯ ಎಲ್ಲಿಂದ ಬಂದ? ಮನಸ್ಸು ಎಂದರೇನು? ಪ್ರತಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಚಾಮರಾಜನಗರದಲ್ಲಿ ವಿಜ್ಞಾನ ಉಪನ್ಯಾಸ. ಎಲ್ಲರಿಗೂ ಉಚಿತ’ ಎಂದು ಅಚ್ಚಾಗಿತ್ತು.

“ಓಗನ?” ಅಂದರು.

ನಾನು ಅವರ ಮುಖ ನೋಡಿದೆ. ಪಿಯುಸಿ ಮುಗಿಸಿದ ಮೇಲೆ ದಿನಪತ್ರಿಕೆಯ ಮಾರುಕಟ್ಟೆ ಪುಟ ಬಿಟ್ಟು ಬೇರೇನನ್ನೂ ಓದದ ಮನುಷ್ಯ. ಅವರಿಗೆ ಉಪನ್ಯಾಸದ ಆಸೆ ಹುಟ್ಟಿದ್ದಲ್ಲ ಎಂದು ನನಗೆ ಗೊತ್ತಿತ್ತು. ಭಾನುವಾರ ಮನೆಯಲ್ಲಿ ಕೂರುವುದು ಇಬ್ಬರಿಗೂ ಆಗುತ್ತಿರಲಿಲ್ಲ. ಭಾನುವಾರವೆಂದರೆ ಅವಳಿಗೆ ತಲೆಗೆ ನೀರು ಹಾಕುವ ದಿನ. ಸೀಗೆಪುಡಿ ಕಣ್ಣಿಗೆ ಬೀಳುತ್ತದೆಂದು ಅವಳು ಬಚ್ಚಲಿನಿಂದ ಕೂಗುವುದು ಬೀದಿಗೆಲ್ಲ ಕೇಳುತ್ತಿತ್ತು. ಈಗ ಆ ಹೊತ್ತಿಗೆ ಅವರು ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ಹೋಗಿಬಿಡುತ್ತಿದ್ದರು. ನಾನು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ.

“ಹೋಗೋಣ ಬಿಡಿ” ಅಂದೆ.

ತೆರಕಣಾಂಬಿಯ ಮೇಲೆ ಹೋಗುವ ಬಸ್ಸು. ದಾರಿಯುದ್ದಕ್ಕೂ ಚೆಂಡುಹೂವಿನ ಹೊಲಗಳು ಹಳದಿ ಹಾಸಿಕೊಂಡು ಮಲಗಿದ್ದವು. ಮಗಳು ಹೋದ ಮೇಲೆ ನಮ್ಮ ಮಾತು ಉಪ್ಪು, ಹಾಲು, ಕರೆಂಟ್ ಬಿಲ್ಲಿಗೆ ಬಂದು ನಿಂತಿತ್ತು. ಅವಳ ಕಾಯಿಲೆಯ ದಿನಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡಿದರೆ ಇನ್ನೊಬ್ಬರು ಕುಸಿದುಬಿಡುತ್ತಾರೆಂಬ ಭಯ ಇಬ್ಬರಿಗೂ ಇತ್ತು ಅನ್ನಿಸುತ್ತದೆ.

ಕಾಯಿಲೆ ಏನೆಂದರೆ, ಮೊದಲು ಬರೀ ಜ್ವರ. ನಮ್ಮೂರಿನ ಡಾಕ್ಟರು ಮಾತ್ರೆ ಕೊಟ್ಟರು. ಎರಡು ದಿನ ಇಳಿದ ಹಾಗೆ ಕಂಡಿತು. ಆಮೇಲೆ ವಾಂತಿ, ತಲೆನೋವು, ಕತ್ತು ಬಗ್ಗಿಸಲಾಗದು. ಮೈಸೂರಿಗೆ ಕರೆದುಕೊಂಡು ಹೋದೆವು. ಮೆದುಳು ಜ್ವರ ಎಂದರು. ಅಲ್ಲಿಯವರು ಮಾಡುವುದನ್ನೆಲ್ಲ ಮಾಡಿದರು. ಯಾರ ಮೇಲೂ ದೂರಿಲ್ಲ. ಅವಳು ಎರಡನೇ ಕ್ಲಾಸಿನಲ್ಲಿದ್ದಳು.

ನಾನು ಪಾಠ ಮಾಡುವ ಶಾಲೆಯಲ್ಲೇ ಅವಳೂ ಓದುತ್ತಿದ್ದಳು. ಶಾಲೆಯೊಳಗೆ ಬೇರೆ ಮಕ್ಕಳ ಹಾಗೆ ಅವಳೂ ನನ್ನನ್ನು ‘ಮಿಸ್’ ಎಂದೇ ಕರೆಯಬೇಕಿತ್ತು. ಅವಳಿಗೆ ಅದೊಂದು ಆಟ. ಗೇಟಿನ ಹತ್ತಿರ ಬರುತ್ತಿದ್ದಂತೆ ಕೈ ಬಿಡಿಸಿಕೊಂಡು, “ಗುಡ್ ಮಾರ್ನಿಂಗ್ ಮಿಸ್” ಎಂದು ತುಂಟ ನಗು ನಗುತ್ತಿದ್ದಳು. ಸಂಜೆ ಅದೇ ಗೇಟು ದಾಟಿದ ಕೂಡಲೇ “ಅಮ್ಮಾ, ಬ್ಯಾಗ್ ಹಿಡ್ಕೋ” ಎನ್ನುತ್ತಿದ್ದಳು.

ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದು ಹೋಗುತ್ತಿದ್ದ ಆ ದಿನಗಳಲ್ಲಿ ಅವಳು ನನ್ನನ್ನು ನೋಡಿ ‘ಮಿಸ್’ ಎಂದಳು. ಮತ್ತೆ ಮತ್ತೆ ಹಾಗೇ ಅಂದಳು. “ಮಿಸ್, ನೀರು ಕುಡ್ಕೊಂಡ್ ಬರ್ಲಾ ಮಿಸ್” ಎಂದು ಕೇಳಿದಳು. ನಾನು, “ಅಮ್ಮ ಕಣೋ ಚಿನ್ನ, ಅಮ್ಮ” ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಕೊನೆಯವರೆಗೆ ಅವಳ ಬಾಯಿಂದ ‘ಅಮ್ಮ’ ಎಂಬ ಮಾತು ಬರಲಿಲ್ಲ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳ ಅಪ್ಪ ಆಗ ಔಷಧಿ ತರಲು ಓಡಾಡುತ್ತಿದ್ದರು. ಒಳಗೆ ಒಬ್ಬರಿಗೆ ಮಾತ್ರ ಬಿಡುತ್ತಿದ್ದರು.

ಚಾಮರಾಜನಗರದಲ್ಲಿ ಉಪನ್ಯಾಸ ನಡೆಯುತ್ತಿದ್ದುದು ರೈಲು ನಿಲ್ದಾಣಕ್ಕೆ ದೂರವಲ್ಲದ ಒಂದು ಹಳೆಯ ಛತ್ರದಲ್ಲಿ. ಕಬ್ಬಿಣದ ಕುರ್ಚಿಗಳು, ಮುಂದೆ ಜಮಖಾನ. ಬಂದವರಲ್ಲಿ ಬಿ.ಎಡ್. ಓದುವ ಹುಡುಗಿಯರು, ಪಿಂಚಣಿದಾರರು, ಉಮ್ಮತ್ತೂರಿನ ಕಡೆಯಿಂದ ಬಂದಿದ್ದ ನಾಲ್ಕಾರು ರೈತರು. ಮೈಕ್ ಹಾಕುತ್ತಿದ್ದವರು ಊರಿನ ಸಾಬರೊಬ್ಬರು, ವಯಸ್ಸಾದವರು, ಬಿಳಿ ಗಡ್ಡ. ಮಾತಾಡುವವರು ಮೈಸೂರಿನಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ವೈದ್ಯೆ. ಮೆದುಳಿನ ಕಾಯಿಲೆಗಳನ್ನು ನೋಡಿಕೊಳ್ಳುತ್ತಿದ್ದು ನಿವೃತ್ತರಾಗಿದ್ದವರು. ಮಂಡಿನೋವಿನಿಂದ ಕುಂಟುತ್ತ ನಡೆಯುತ್ತಿದ್ದರು, ಹತ್ತಿ ಸೀರೆ, ಕಟ್ಟಿದ ಗಂಟಲು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತಿದ್ದೆವು.

ಮೊದಲ ದಿನ ಅವರು ಬಟ್ಟೆಯ ಚೀಲದಿಂದ ತಲೆಬುರುಡೆಯ ಅಚ್ಚುಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು. ಪ್ಲಾಸ್ಟರಿನವು. ಒಂದನ್ನು ಜನರ ಕೈಗೇ ಕೊಟ್ಟರು. ಅದು ಕೈಯಿಂದ ಕೈಗೆ ದಾಟುತ್ತ ನಮ್ಮ ಸಾಲಿಗೆ ಬಂತು. ನಮ್ಮ ಯಜಮಾನರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕುಂಬಳಕಾಯಿ ಕೊಳ್ಳುವವರ ಹಾಗೆ ಬೆರಳಿನಿಂದ ಸವರಿ, ನನಗೆ ಕೊಟ್ಟರು.

“ಕರು ಹುಟ್ಟಿದ ಸ್ವಲ್ಪ ಹೊತ್ತಿಗೆ ಎದ್ದು ನಿಲ್ಲುತ್ತೆ” ಎಂದರು ಮೇಡಂ. “ನಮ್ಮ ಕೂಸಿಗೆ ಕತ್ತು ನಿಲ್ಲೋದಕ್ಕೇ ತಿಂಗಳುಗಟ್ಟಲೆ ಬೇಕು. ಇಷ್ಟು ದೊಡ್ಡ ತಲೆ ಹೊತ್ತು, ಇಷ್ಟು ಬಲ ಇಲ್ಲದೆ ಹುಟ್ಟೋ ಪ್ರಾಣಿ ಅಪರೂಪ. ಯಾರಾದರೂ ಎತ್ತಿಕೊಳ್ಳದೆ ಹೋದರೆ ಅದು ಉಳಿಯಲ್ಲ. ಮನುಷ್ಯ ಮನುಷ್ಯನಾಗಿದ್ದರಲ್ಲಿ ಆ ಎತ್ತಿಕೊಂಡ ಕೈಗಳ ಪಾಲೂ ಇದೆ.”

ಹಿಂದಿನ ಸಾಲಿನಿಂದ ಒಬ್ಬ ರೈತರು ಎದ್ದರು. “ನಮ್ ಕಡೆ ನಾವೆಲ್ಲ ಶಿವನ್ ಮಕ್ಳು ಅಂತೀವಿ ಕಣ್ತಾಯಿ. ನೀವು ಈ ಬುರುಡೆಯೋರ ಮಕ್ಳು ಅಂತೀರಿ. ಯಾವುದನ್ನ ನಂಬದು?”

“ನಾನು ಮೂಳೆ ಏನು ಹೇಳುತ್ತೆ ಅಂತ ಮಾತ್ರ ಹೇಳಬಲ್ಲೆ ಸ್ವಾಮಿ. ಶಿವನ ವಿಷಯ ನಿಮಗೇ ನನಗಿಂತ ಚೆನ್ನಾಗಿ ಗೊತ್ತು” ಎಂದರು. ಜನ ನಕ್ಕರು. ಆ ರೈತರೂ ನಕ್ಕು ಕೂತರು. ಎಷ್ಟೋ ತಿಂಗಳ ಮೇಲೆ ಯಜಮಾನರ ಮುಖದಲ್ಲಿ ನಗುವಿನ ಗೆರೆ ಕಂಡೆ. ಮುಂದಿನ ತಿಂಗಳೂ ಹೋದೆವು. ಆಮೇಲೆ ಅದೇ ರೂಢಿಯಾಯಿತು.

ಚಳಿಗಾಲದ ಒಂದು ಭಾನುವಾರ ಮೇಡಂ ಸತ್ತವರನ್ನು ಮನುಷ್ಯ ಹೂಳಲು ಶುರುಮಾಡಿದ್ದರ ಬಗ್ಗೆ ಮಾತಾಡಿದರು. ಆಫ್ರಿಕಾದ ಗುಹೆಯೊಂದರಲ್ಲಿ ಸಿಕ್ಕ ಮಗುವಿನ ಮೂಳೆಗಳ ಕಥೆ. ಬೇಸಾಯವಾಗಲಿ ಊರಾಗಲಿ ಇಲ್ಲದ ಕಾಲ. ಆಗಲೂ ಯಾರೋ ಗುಂಡಿ ತೋಡಿ, ಮಗುವನ್ನು ಮಗ್ಗುಲಾಗಿ ಮಲಗಿಸಿ, ಕಾಲು ಮಡಿಸಿ, ಯಾವುದರಲ್ಲೋ ಸುತ್ತಿ ಇಟ್ಟಿದ್ದರು.

“ಆ ಮಗುವಿನ ತಲೆ ವಾಲಿದ್ದ ರೀತಿ ನೋಡಿದರೆ, ಅದರ ಕೆಳಗೆ ಮೆತ್ತಗಿರೋದು ಏನನ್ನೋ ಇಟ್ಟಿದ್ದರು ಅನ್ನಿಸುತ್ತೆ. ದಿಂಬಿನ ಹಾಗೆ. ಅದು ಯಾವತ್ತೋ ಕರಗಿ ಹೋಗಿದೆ. ಖಾಲಿ ಜಾಗ ಮಾತ್ರ ಉಳಿದಿತ್ತು” ಎಂದರು.

ಯಜಮಾನರು ಎದ್ದು ಹೊರಗೆ ಹೋದರು. ನೀರು ಕುಡಿಯಲು ಹೋಗಿರಬಹುದು ಅಂದುಕೊಂಡೆ. ಎಷ್ಟು ಹೊತ್ತಾದರೂ ಬರಲಿಲ್ಲ. ಹೊರಗೆ ಹೋಗಿ ನೋಡಿದರೆ, ಮೈಕ್ ಸಾಬರ ಲಗೇಜ್ ಆಟೋದ ಹಿಂದೆ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಸಾಬರು ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದರು.

“ಏನಾಯ್ತು ರೀ?”

“ಮಗೀದು ತಲೆ ನಿಲ್ತಾ ಇರ್ಲಿಲ್ಲ ಕಣಮ್ಮಿ” ಎಂದರು.

ನಮ್ಮವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಬೇಗೂರಿನ ಹತ್ತಿರ ಅವರ ಅಪ್ಪನ ಕಾಲದ ಹೊಲದಲ್ಲಿ ಅವಳನ್ನು ಇಟ್ಟದ್ದು. ನನಗೆ ಅಂದಿನದು ಅರ್ಧವೂ ನೆನಪಿಲ್ಲ. ಹೆಂಗಸರು ನನ್ನನ್ನು ಹಿಡಿದುಕೊಂಡು ದೂರದಲ್ಲಿ ಕೂರಿಸಿದ್ದರು. ಗುಣಿಯೊಳಗೆ ಇಳಿದವರು ಇವರು.

“ಕೂರ್ಸಿದ್ರೆ ಎಡಕ್ಕೆ ವಾಲ್ತಿತ್ತು. ನೆಟ್ಟಗೆ ಮಾಡಿದ್ರೆ ಮತ್ತೆ ವಾಲ್ತಿತ್ತು. ಅಯ್ನೋರು ವಿಭೂತಿ ಆಕುದ್ರೆ ಸರಿಯೋಯ್ತದೆ ಬುಡಪ್ಪ ಅಂದ್ರು. ನಂಗೆ ಆಗ್ಲಿಲ್ಲ. ಬ್ಯಾಗಲ್ಲಿ ಅವಳ ಸ್ಕೂಲ್ ಸ್ವೆಟರ್ ಇತ್ತಲ್ಲ, ಆಸ್ಪತ್ರೆಗೆ ತಗಂಡೋಗಿದ್ದು. ಅದ್ನ ಮಡ್ಚಿ ಕತ್ತಿಗೂ ಗುಣಿ ಗೋಡೆಗೂ ನಡ್ವೆ ಇಟ್ಬುಟ್ಟೆ. ಆಗ ನಿಂತ್ಕತು.”

ಆ ಕೆಂಗಂದು ಸ್ವೆಟರಿಗಾಗಿ ನಾನು ಮನೆಯೆಲ್ಲ ಹುಡುಕಿದ್ದೆ. ಬೀರುವಿನ ಹಿಂದೆ, ಅಟ್ಟದ ಮೇಲೆ. ಆಸ್ಪತ್ರೆಗೆ ಫೋನು ಮಾಡಿ ಕೂಡ ಕೇಳಿದ್ದೆ. ಅದರಲ್ಲಿ ಅವಳ ಬೆವರಿನ ವಾಸನೆಯಾದರೂ ಉಳಿದಿರುತ್ತದೆಂಬ ಆಸೆ. ಇವರು ನಾನು ಹುಡುಕುವುದನ್ನು ನೋಡುತ್ತ ಸುಮ್ಮನಿದ್ದರು.

“ಹೇಳಬಹುದಿತ್ತಲ್ಲ” ಅಂದೆ.

“ಎಂಗೆ ಏಳದು?” ಅಂದರು.

ಸಾಬರು ಬಾಟಲಿಯನ್ನು ಅವರ ಕೈಗೆ ಕೊಟ್ಟು ನಿಧಾನವಾಗಿ ಹೇಳಿದರು: “ನಮ್ಮಲ್ಲೂ ಇಡ್ತೀವಿ ಅಣ್ಣ. ಮುಖ ಒಂದು ಕಡೆ ತಿರುಗ್ಸಿ, ತಲೆ ಕೆಳ್ಗೆ ಮಣ್ಣಿನ ಹೆಂಟೆ ಇಡ್ತೀವಿ. ನಮ್ಮಪ್ಪಂಗೆ ನಾನೇ ಇಟ್ಟೆ. ಯಾವ ಹೆಂಟೆ ಸರಿಹೋಯ್ತದೆ ಅಂತ ಹುಡುಕಿ ಹುಡುಕಿ ಇಟ್ಟೆ. ತಪ್ಪೇನಿಲ್ಲ ಅದ್ರಲ್ಲಿ.”

ಒಳಗಿನಿಂದ ಮೇಡಂ ಮಾತು ಮೈಕಿನಲ್ಲಿ ಬರುತ್ತಲೇ ಇತ್ತು. ನಾನು ಯಜಮಾನರ ಪಕ್ಕ ನೆಲದ ಮೇಲೆ ಕೂತೆ. ಮಗಳು ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಅತ್ತದ್ದು ಅಂದೇ ಮೊದಲು. ರಸ್ತೆಯಲ್ಲಿ ಹೋಗುವವರು ನೋಡಿಕೊಂಡು ಹೋದರು.

ಅದಾದ ಮೇಲಿನ ಉಪನ್ಯಾಸ ಮನಸ್ಸಿನ ಬಗ್ಗೆ. ಮಾತು, ಹೆಸರು, ನೆನಪು ಇವೆಲ್ಲ ಮೆದುಳಿನಲ್ಲಿ ಹೇಗೆ ಕೂಡಿಕೊಂಡಿರುತ್ತವೆ ಎಂದು ಮೇಡಂ ವಿವರಿಸಿದರು. ಮುಖ ಗುರುತು ಸಿಕ್ಕಿಯೂ ಹೆಸರು ಸಿಗದೆ ಹೋಗುವುದು, ಹೆಸರು ಸಿಕ್ಕಿಯೂ ಯಾರೆಂದು ತಿಳಿಯದೆ ಹೋಗುವುದು. ಕೊನೆಯಲ್ಲಿ ಪ್ರಶ್ನೆ ಕೇಳಲು ಹೇಳಿದರು. ಬಿ.ಎಡ್. ಹುಡುಗಿಯೊಬ್ಬಳು ಪರೀಕ್ಷೆಗೆ ನೆನಪು ಹೆಚ್ಚಿಸುವುದು ಹೇಗೆಂದು ಕೇಳಿದಳು. ಆಮೇಲೆ ಯಾರೂ ಏಳಲಿಲ್ಲ.

ನಾನು ಎದ್ದೆ. ಏಳಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ. ಸಾಬರು ಮೈಕ್ ತಂದು ಕೈಗೆ ಕೊಟ್ಟರು.

“ಮೇಡಂ, ಒಂದು ಮಗುವಿಗೆ ಮೆದುಳು ಜ್ವರ ಬಂದಿತ್ತು. ತಾಯಿ ಪಕ್ಕದಲ್ಲೇ ಇದ್ದಳು. ಮಗು ಅವಳನ್ನ ಅಮ್ಮ ಅಂತ ಕರೀಲಿಲ್ಲ. ಮಿಸ್ ಅಂತ ಕರೀತು. ತಾಯಿ ಶಾಲೆಯಲ್ಲಿ ಟೀಚರ್. ಆ ಮಗುವಿಗೆ ಅಮ್ಮ ಪಕ್ಕದಲ್ಲಿದ್ದಾಳೆ ಅಂತ ಗೊತ್ತಿತ್ತಾ?”

ನನ್ನ ದನಿ ಸ್ಪೀಕರಿನಿಂದ ಬೇರೆ ಯಾರದೋ ಹಾಗೆ ಬಂತು. ಪಕ್ಕದಲ್ಲಿ ಯಜಮಾನರು ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು. ಅವರಿಗೂ ಅದು ಹೊಸ ವಿಷಯ.

ಮೇಡಂ ಮೇಜಿನ ಮೇಲಿದ್ದ ಕನ್ನಡಕವನ್ನು ಎತ್ತಿ ಹಾಕಿಕೊಂಡು ನನ್ನ ಕಡೆ ನೋಡಿದರು. “ಆ ಮಗು ಈಗ?” ಎಂದು ಕೇಳಿದರು.

“ಇಲ್ಲ” ಅಂದೆ.

ಮೇಡಂ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. “ಅಂಥ ಜ್ವರದಲ್ಲಿ ಮಾತುಗಳು ಅದಲು ಬದಲಾಗುತ್ತವೆ ಅಮ್ಮ. ಬಾಯಿಗೆ ಯಾವ ಹೆಸರು ಬಂತು ಅನ್ನೋದರ ಮೇಲೆ, ಒಳಗೆ ಯಾರು ಅಂತ ತಿಳಿದಿತ್ತು ಅಂತ ಅಳೆಯೋಕೆ ಆಗಲ್ಲ. ತಾಯಿಯ ದನಿ, ಮುಟ್ಟಿದ್ದು ಅದಕ್ಕೆ ತಲುಪಿರಬಹುದು. ಆದರೆ ಖಂಡಿತ ಗೊತ್ತಿತ್ತು ಅಂತ ನಾನು ಹೇಳಿದರೆ ಸುಳ್ಳು ಹೇಳಿದ ಹಾಗಾಗುತ್ತೆ. ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗೋ ದಾರಿ ಇಲ್ಲ.”

ನಾನು ಮೈಕ್ ವಾಪಸು ಕೊಟ್ಟು ಕೂತೆ. ನನಗೆ ಸಿಟ್ಟು ಬಂದಿತ್ತು. ಅಷ್ಟು ಓದಿದವರು, ಎಷ್ಟೋ ಮಕ್ಕಳ ಹಾಸಿಗೆಯ ಪಕ್ಕ ನಿಂತವರು, ‘ಗೊತ್ತಿತ್ತಮ್ಮ’ ಎಂದು ಒಂದು ಮಾತು ಅಂದಿದ್ದರೆ ಅವರ ಗಂಟು ಏನು ಹೋಗುತ್ತಿತ್ತು? ಸಭೆ ಮುಗಿದ ಮೇಲೆ ಅವರು ಕುಂಟುತ್ತ ನನ್ನ ಕಡೆ ಬರುವುದು ಕಂಡಿತು. ನಾನು ನಿಲ್ಲದೆ ಹೊರಗೆ ಬಂದುಬಿಟ್ಟೆ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದೆ. ತೆರಕಣಾಂಬಿ ದಾಟಿದ ಮೇಲೆ ಯಜಮಾನರು ನನ್ನ ಕಡೆ ತಿರುಗಿದರು.

“ಮಿಸ್ ಅಂದ್ಲಾ?” ಎಂದು ಕೇಳಿದರು.

“ಹೂಂ. ನೀರು ಕುಡ್ಕೊಂಡ್ ಬರ್ಲಾ ಮಿಸ್ ಅಂದ್ಲು.”

ಅವರು ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದರು. “ಸ್ಕೂಲಲ್ಲಿದ್ದೀನಿ ಅನ್ಕಂಡಿದ್ಲೇನೋ” ಎಂದರು. “ಸೂಜಿ, ಪೈಪು ಇದ್ಯಾವುದೂ ಅವಳ ಕಣ್ಗೆ ಬಿದ್ದಿರ್ನಿಲ್ಲ ಅಂತ ಕಾಣ್ತದೆ. ಕ್ಲಾಸಲ್ಲಿ ಕೂತಿದ್ದೀನಿ ಅನ್ಕಂಡಿದ್ರೆ ಒಳ್ಳೇದೇ ಆಯ್ತು ಬುಡು. ಸ್ಕೂಲ್ ಅಂದ್ರೆ ಆಸೆ ಅವ್ಳಿಗೆ.”

ಅದೂ ಗೊತ್ತಾಗುವ ದಾರಿಯಿಲ್ಲದ ಮಾತೇ. ಆದರೆ ಮೇಡಂ ಹೇಳಿದ್ದಕ್ಕಿಂತ ಅದು ನನ್ನೊಳಗೆ ಆಳವಾಗಿ ಇಳಿಯಿತು. ಇಳಿಯಿತು ಎಂದರೆ ನೋವು ಹೋಯಿತೆಂದಲ್ಲ. ರಾತ್ರಿ ಎಚ್ಚರವಾದಾಗ ಆಸ್ಪತ್ರೆಯ ಹಾಸಿಗೆಯ ಬದಲು ಒಂದೊಂದು ಸಲ ಎರಡನೇ ಕ್ಲಾಸಿನ ಬೆಂಚು ಕಾಣತೊಡಗಿತು, ಅಷ್ಟೆ.

ಎರಡು ತಿಂಗಳು ನಾನು ಉಪನ್ಯಾಸಕ್ಕೆ ಹೋಗಲಿಲ್ಲ. ಅವರೊಬ್ಬರೇ ಹೋಗಿಬಂದರು. ಬಂದು ಕೇಳಿದ್ದನ್ನು ತಮಗೆ ತಿಳಿದಷ್ಟು ಹೇಳುತ್ತಿದ್ದರು: ಬೆಂಕಿ ಸಿಕ್ಕ ಮೇಲೆ ಮನುಷ್ಯ ಸಂಜೆ ಅದರ ಸುತ್ತ ಕೂತು ಮಾತಾಡಲು ಕಲಿತಿರಬಹುದಂತೆ. ಕನಸು ಯಾಕೆ ಬೀಳುತ್ತದೆಂದು ಇನ್ನೂ ಪೂರ್ತಿ ತಿಳಿದಿಲ್ಲವಂತೆ. ಒಮ್ಮೆ, “ಮೇಡಂ ನಿನ್ನ ಕೇಳುದ್ರು” ಎಂದರು.

“ಏನು ಕೇಳಿದ್ರು?”

“ಉಸಾರಾಗವ್ರಾ ಅಂದ್ರು. ಅವತ್ತು ಹಂಗೆ ಹೇಳಬಾರದಿತ್ತೇನೋ ಅಂತ ನಂಗೂ ನಿದ್ದೆ ಬರ್ಲಿಲ್ಲ ಅಂದ್ರು. ಆದ್ರೂ ಸುಳ್ಳು ಹೇಳಕ್ಕೆ ಬಾಯಿ ಬರ್ಲಿಲ್ಲ ಅಂದ್ರು.”

ಅದನ್ನು ಕೇಳಿದ ಮೇಲೆ ನನ್ನ ಸಿಟ್ಟು ಉಳಿಯಲಿಲ್ಲ. ಅವರು ಅಂದು ‘ಗೊತ್ತಿತ್ತು’ ಎಂದಿದ್ದರೆ ಮನೆಗೆ ಬಂದು ಯೋಚಿಸಿದಾಗ ನಾನು ನಂಬುತ್ತಿರಲಿಲ್ಲ. ಸಮಾಧಾನಕ್ಕೆ ಹೇಳಿದರು ಎಂದುಕೊಂಡು ಅವರು ಹೇಳಿದ ಬೇರೆ ಮಾತನ್ನೂ ಬಿಟ್ಟುಬಿಡುತ್ತಿದ್ದೆ. ಮುಂದಿನ ತಿಂಗಳು ಹೋದೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಆದರೆ ಆ ಉಪನ್ಯಾಸಗಳು ಬಹಳ ದಿನ ಉಳಿಯಲಿಲ್ಲ. ಛತ್ರವನ್ನು ಮದುವೆಗಳಿಗೆ ಕೊಡತೊಡಗಿದರು. ಜನವೂ ಕಡಿಮೆಯಾದರು. ಮೇಡಂಗೆ ರೈಲು ಹತ್ತಿ ಇಳಿಯುವುದು ಕಷ್ಟವಾಗುತ್ತ ಬಂತು. ಕೊನೆಯದಾಗಿ ಒಂದನ್ನು ಗುಂಡ್ಲುಪೇಟೆಯಲ್ಲಿ, ಮಕ್ಕಳಿಗಾಗಿ ಮಾಡಬೇಕೆಂದು ಯಜಮಾನರೇ ಓಡಾಡಿ ಏರ್ಪಾಡು ಮಾಡಿದರು. ಜಾಗ ಬೇರೆ ಎಲ್ಲೂ ಸಿಗದೆ ನಮ್ಮ ಶಾಲೆಯ ಹಾಲನ್ನೇ ಕೇಳಿದರು. ನನಗೆ ಬೇಡವೆನ್ನಿಸಿತು; ಹೇಳಲಿಲ್ಲ.

ಅಷ್ಟರಲ್ಲಿ ಅವಳ ಜೊತೆಯ ಮಕ್ಕಳು ನಾಲ್ಕನೇ ಕ್ಲಾಸಿಗೆ ಬಂದಿದ್ದರು. ದಿನವೂ ಕಾಣುವ ಮಕ್ಕಳೇ. ಆದರೆ ಅವತ್ತು ಎಲ್ಲರೂ ಜಮಖಾನದ ಮೇಲೆ ಒಟ್ಟಿಗೆ ಕೂತಾಗ ಎಷ್ಟು ಎತ್ತರವಾಗಿದ್ದಾರೆ ಎಂದು ಎದೆಗೆ ಹೊಡೆದ ಹಾಗಾಯಿತು. ಕೆಲವರ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿದ್ದವು.

ಮೇಡಂ ಮಕ್ಕಳಿಗೆ ನೆನಪಿನ ಬಗ್ಗೆ ಹೇಳಿದರು. “ನೀವು ತೀರಾ ಚಿಕ್ಕವರಿದ್ದಾಗ ನಡೆದದ್ದು ನಿಮಗೆ ಮರೆತುಹೋಗಿರುತ್ತೆ. ಈಗ ನೆನಪಿರೋದರಲ್ಲೂ ಎಷ್ಟೋ ಮುಂದೆ ಮರೆಯುತ್ತೆ. ಕೆಲವು ಒಂದರ ಜೊತೆ ಇನ್ನೊಂದು ಕಲೆಸಿಹೋಗುತ್ತೆ. ಅದು ತಪ್ಪಲ್ಲ. ಬೆಳೆಯೋ ಮೆದುಳು ಹಾಗೇ ಇರುತ್ತೆ” ಎಂದರು. ಮಕ್ಕಳು ಬುರುಡೆ ಮುಟ್ಟಲು ನೂಕಾಡಿದವು.

ಎಲ್ಲ ಮುಗಿದು ಮಕ್ಕಳು ಹೊರಡುವಾಗ, ಮಗಳ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯನ್ನು ನಿಲ್ಲಿಸಿದೆ. ಕೇಳಬಾರದೆಂದು ಎಷ್ಟೋ ಸಲ ತಡೆದುಕೊಂಡಿದ್ದ ಮಾತು. “ಎರಡನೇ ಕ್ಲಾಸಲ್ಲಿ ನಿನ್ನ ಪಕ್ಕ ಕೂರುತ್ತಿದ್ದಳಲ್ಲ, ನನ್ನ ಮಗಳು, ನೆನಪಿದಾಳಾ?”

ಹುಡುಗಿ ಯೋಚಿಸಿದಳು. “ಉದ್ದ ಜಡೆ ಹಾಕ್ಕತಿದ್ಲಲ್ಲ ಮಿಸ್?”

ನಮ್ಮ ಮಗಳ ಕೂದಲನ್ನು ನಾವು ಯಾವತ್ತೂ ಕುತ್ತಿಗೆಗಿಂತ ಕೆಳಗೆ ಬೆಳೆಯಲು ಬಿಟ್ಟಿರಲಿಲ್ಲ. ನಾನು ತಲೆಯಾಡಿಸಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ.

“ಮಳೆ ಬಂದಾಗ ಕಿಟಕೀಲಿ ಕೈ ಆಚೆ ಹಾಕಿ, ತಣ್ಣಗಾದ್ ಮೇಲೆ ನನ್ ಕೆನ್ನೆಗೆ ಇಡ್ತಿದ್ಲು ಮಿಸ್” ಎಂದಳು ಹುಡುಗಿ. ಹೇಳಿ ತನ್ನಷ್ಟಕ್ಕೆ ನಕ್ಕಳು.

ಅದು ನನಗೆ ಗೊತ್ತಿರಲಿಲ್ಲ. ನನ್ನ ಮಗಳೇ ಹಾಗೆ ಮಾಡುತ್ತಿದ್ದಳೋ, ಅಥವಾ ಉದ್ದ ಜಡೆಯ ಬೇರೆ ಹುಡುಗಿಯೋ? ಇನ್ನೊಂದು ಪ್ರಶ್ನೆ ಕೇಳಿದ್ದರೆ ತಿಳಿಯುತ್ತಿತ್ತೇನೋ. ಕೇಳಲಿಲ್ಲ. “ಹೋಗು, ಅಮ್ಮ ಕಾಯ್ತಿರ್ತಾರೆ” ಅಂದೆ. ಅವಳು ಓಡಿದಳು.

ಹಾಲಿನಲ್ಲಿ ಯಜಮಾನರು ಜಮಖಾನದ ಒಂದು ತುದಿ ಹಿಡಿದು, ಇನ್ನೊಂದು ತುದಿಗೆ ಯಾರಾದರೂ ಬರಲಿ ಎಂದು ನಿಂತಿದ್ದರು. ನಾನು ಹೋಗಿ ಹಿಡಿದೆ. ಇಬ್ಬರೂ ದೂಳು ಕೊಡವಿ ಮಡಿಸಿದೆವು. ಹುಡುಗಿ ಹೇಳಿದ್ದನ್ನು ಅವರಿಗೆ ಹೇಳಿದೆ. ಜಡೆಯ ವಿಷಯವನ್ನೂ ಸೇರಿಸಿ ಹೇಳಿದೆ. ಇನ್ನು ಮುಚ್ಚಿಡುವುದು ಬೇಡವೆಂದು ಇಬ್ಬರೂ ಹೇಳದೆಯೇ ಒಪ್ಪಿಕೊಂಡಿದ್ದೆವು.

ಅವರು ಮಡಿಸಿದ ಜಮಖಾನವನ್ನು ಎದೆಗೆ ಒತ್ತಿಕೊಂಡರು. “ಇದ್ರೂ ಇರ್ಬೋದು” ಎಂದರು.

ಹೊರಗೆ ಮೇಡಂ ಕಾರಿನಲ್ಲಿ ಕೂತು, ತೆರೆದ ಬಾಗಿಲಿನಿಂದ ಕಾಲು ಹೊರಗೆ ಚಾಚಿ ಮಂಡಿ ಒತ್ತಿಕೊಳ್ಳುತ್ತಿದ್ದರು. ಇನ್ನು ಇಷ್ಟು ದೂರ ಬರಲಾಗುವುದಿಲ್ಲ ಎಂದರು. ನಾನು ಬಗ್ಗಿ ಅವರ ಕಾಲನ್ನು ಎತ್ತಿ ಒಳಗಿಟ್ಟು, ಸೀರೆಯ ಅಂಚು ಸಿಕ್ಕಿಕೊಳ್ಳದ ಹಾಗೆ ಸರಿಮಾಡಿ, ಬಾಗಿಲು ಹಾಕಿದೆ. ಕಾರು ಮೈಸೂರಿನ ರಸ್ತೆಗೆ ತಿರುಗುವವರೆಗೆ ಅಲ್ಲೇ ನಿಂತಿದ್ದೆವು. ಆಮೇಲೆ ಯಜಮಾನರು ಅಂಗಡಿಯ ಕಡೆ ಹೊರಟರು, ನಾನು ಹಾಲಿನ ಬೀಗ ಹಾಕಲು ಒಳಗೆ ಹೋದೆ.